ಹಾರಲು ಅಪ್ಪಣೆ ಕೊಡುವ ಕೈಗಳು

ವಾಯುಸೇನೆಯೆಂದೊಡನೆ ನಮ್ಮ ದೃಷ್ಟಿ ಮುಗಿಲಿನತ್ತ ಏಳುವುದು ಸಹಜ. ವಿಮಾನ ನಡೆಸುವ ವಿದ್ಯೆಯನ್ನು ಬೀದರಿನಲ್ಲಿಯೂ ಯಲಹಂಕದಲ್ಲಿಯೂ ಕಲಿಸುವರು. ಆದರೆ ಆ ವಿಮಾನವು ಹಾರಲು ಯೋಗ್ಯವೇ ಎಂದು ನಿರ್ಣಯಿಸುವ ವಿದ್ಯೆಯನ್ನು, ಪೀಣ್ಯದ ಲೇತುಗಳ ಸದ್ದು ಹಿಂದುಳಿದು ಗಂಗಮ್ಮ ಸರ್ಕಲ್ಲಿನ ಜನಸಂದಣಿ ಎದುರಾಗುವ ಸೀಮೆಯಲ್ಲಿ, ಜಾಲಹಳ್ಳಿಯ ವಾಯುಸೇನಾ ನೆಲೆಯಲ್ಲಿ ಕಲಿಸುವರೆಂಬುದು ಆ ದಾರಿಯಲ್ಲಿ ದಿನವೂ ಓಡಾಡುವ ಅನೇಕರಿಗೆ ತಿಳಿಯದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿ ಸೇನೆಯ ದೊಡ್ಡ ಆಸ್ಪತ್ರೆಗಳ ನೆಲೆಯಾಗಿತ್ತು. ಉತ್ತರ ಆಫ್ರಿಕದ ರಣಾಂಗಣದಲ್ಲಿ ಸೆರೆಸಿಕ್ಕ ಇಟಲಿಯ ಯೋಧರನ್ನೂ ಬೆಂಗಳೂರಿನ ಆಸುಪಾಸಿನ ಶಿಬಿರಗಳಲ್ಲಿ ಇರಿಸಿದ್ದರು. ದೇಶ ಸ್ವತಂತ್ರವಾದ ತರುವಾಯ, 1949ರಲ್ಲಿ, ವಾಯುಸೇನೆಯ ತಾಂತ್ರಿಕ ಮಹಾವಿದ್ಯಾಲಯ ಇಲ್ಲಿ ಆರಂಭವಾಯಿತು. ನೆರೆಯ ಕಾರ್ಖಾನೆಗಳಾದ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಬಿಇಎಲ್ 1954ರಲ್ಲಿ. ಆದುದರಿಂದ ಈ ಭಾಗದ ಯಂತ್ರವಿದ್ಯೆಗೆ ಇದನ್ನೇ ಹಿರಿಯ ಮನೆಯೆಂದರೆ ಅತಿಶಯೋಕ್ತಿಯಾಗದು. ಹೈದರಾಬಾದಿನ ಬಳಿಯ ದುಂಡಿಗಲ್ಲಿನಲ್ಲಿ ಸೈನಿಕ ಶಿಕ್ಷಣ ಪಡೆದ ಯುವ ಎಂಜಿನಿಯರುಗಳು ಇಲ್ಲಿಗೆ ಬಂದು ವಿಮಾನದ ಎಂಜಿನ್ನು, ಒಡಲು, ರೇಡಾರುಗಳ ಅಭ್ಯಾಸ ಮಾಡುತ್ತಾರೆ.

ಆದರೆ ನನ್ನನ್ನು ಈ ಲೇಖನಕ್ಕೆ ಎಳೆತಂದುದು, ಸಮೀಪದ ಬಡಾವಣೆಯಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ, ಜಾಲಹಳ್ಳಿಯಲ್ಲಿಯೇ ತರಬೇತಿ ಪಡೆದ ವೃದ್ಧ ತಂತ್ರಜ್ಞರೊಬ್ಬರ ಬೆರಳುಗಳು. ಎಚ್‌ಎಎಲ್ ನಿರ್ಮಿತ ಕಿರಣ್ ತರಬೇತಿ ವಿಮಾನಗಳ ಸೇವೆಯಲ್ಲಿ ಯೌವನವನ್ನು ಸವೆಸಿದ ಆ ಹಿರಿಯರು ಲಾಕ್‌ವೈರ್ ಕಟ್ಟುವ ಕ್ರಮವನ್ನು ನನಗೆ ಮಾಡಿ ತೋರಿಸಿದರು. ಎರಡು ಬೋಲ್ಟುಗಳ ತಲೆಯಲ್ಲಿ ಕೊರೆದ ರಂಧ್ರಗಳ ಮೂಲಕ ಉಕ್ಕಿನ ಸಣ್ಣ ತಂತಿಯನ್ನು ಹಾಯಿಸಿ, ಹೂವಾಡಗಿತ್ತಿಯ ಕೈ ದಾರವನ್ನು ಸುತ್ತುವಂತೆ ಎರಡೆಳೆಗಳನ್ನು ಸಮನಾಗಿ ಹೊಸೆದು, ಒಂದು ಬೋಲ್ಟು ಸಡಿಲಗೊಳ್ಳಲು ಯತ್ನಿಸಿದರೆ ಆ ಸೆಳೆತವೇ ಇನ್ನೊಂದನ್ನು ಬಿಗಿಗೊಳಿಸುವಂತೆ ಅವರು ಅದನ್ನು ಬಂಧಿಸಿದರು. ಹೊಸೆತ ಸಡಿಲವಾದರೆ ಕಂಪನಕ್ಕೆ ತಂತಿ ಸವೆಯುವುದು, ಅತಿಯಾದರೆ ಪೆಡಸಾಗಿ ತುಂಡಾಗುವುದು. ದಿಕ್ಕು ತಪ್ಪಿ ಕಟ್ಟಿದರಂತೂ ಕಾವಲೇ ಇಲ್ಲದಂತಾಗುವುದು. ಕತ್ತರಿಸಿದ ತಂತಿಯ ಚೂರನ್ನು ಅವರು ನೆಲಕ್ಕೆ ಬೀಳಗೊಡಲಿಲ್ಲ, ಜೇಬಿಗೆ ಸೇರಿಸಿದರು. ಅಂಥ ಒಂದು ಚೂರು ಜೆಟ್ ಎಂಜಿನ್ನಿನ ಬಾಯಿಗೆ ಸಿಕ್ಕರೆ ಒಳಗಿನ ಅಲಗುಗಳು ಹಾಳಾಗುವುದುಂಟು. ಅದೇ ಕಾರಣದಿಂದ ಕೆಲಸ ಮುಗಿದ ಮೇಲೆ ಸ್ಪ್ಯಾನರೊಂದು ಕಾಣದಿದ್ದರೂ ಅದು ಸಿಗುವವರೆಗೆ ವಿಮಾನವನ್ನು ಬಿಡುವುದಿಲ್ಲ. ಎಲ್ಲವೂ ಸರಿಯಿದೆಯೆಂದು ವಿಮಾನದ ದಾಖಲೆಪುಸ್ತಕವಾದ ಫಾರಂ 700ರಲ್ಲಿ ತಂತ್ರಜ್ಞನು ಸಹಿ ಹಾಕಬೇಕು. ಆ ಸಹಿಯನ್ನು ನಂಬಿಯೇ ಪೈಲಟ್ ಏಣಿ ಹತ್ತುತ್ತಾನೆ. ವೀರಗಾಥೆಗಳಲ್ಲಿ ಪೈಲಟ್ಟನ ಹೆಸರುಳಿಯುತ್ತದೆ, ಸಹಿ ಹಾಕಿದವನದು ಉಳಿಯುವುದಿಲ್ಲ. ಇದು ನ್ಯಾಯವೆಂದು ನನಗೆ ತೋರದು.

ಇದೇ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರಗಳ ಯುಗ ಮುಗಿದುಹೋಯಿತು. ಅದರ ಸ್ಮರಣೆಗೆ ಸಂಗ್ರಹಾಲಯವಾದರೂ ಉಂಟು. ಬೋಲ್ಟಿಗೆ ತಂತಿ ಕಟ್ಟಿದವರ ಅನುಭವ ಕನ್ನಡದಲ್ಲಿ ಎಲ್ಲಿಯೂ ಬರಹವಾಗಿ ನನ್ನ ಕಣ್ಣಿಗೆ ಬಿದ್ದಿಲ್ಲ. ಪೀಣ್ಯದ ಕಾರ್ಖಾನೆಗಳೂ ನಮ್ಮ ಐಟಿಐಗಳೂ ಈ ಹಿರಿಯರನ್ನು ಗೌರವದಿಂದ ಕರೆಸಿ, ಹುಡುಗರ ಮುಂದೆ ನಿಲ್ಲಿಸಿ, ಅವರು ಹೇಳಿದುದನ್ನು ಬರೆದಿಟ್ಟುಕೊಳ್ಳಬೇಕು. ಅವರು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕು.