ಕಾರಿನ ಹಾಡು, ಹೆಡ್‌ಫೋನಿನ ಪರೀಕ್ಷೆ

ಬಂಡೀಪುರ ದಾಟಿ ತೆಪ್ಪಕಾಡಿಗೆ ಹೊರಟಿದ್ದೀರಿ. ಕಾರಿನಲ್ಲಿ ಹಾಡು ಸೊಗಸಾಗಿದೆ. ಗೆಳೆಯನ ಕಾರಿನಲ್ಲಿ ಇನ್ನೂ ಚೆನ್ನಾಗಿದೆಯೇ? ಇಳಿದು ಅದಕ್ಕೆ ಹತ್ತುವಷ್ಟರಲ್ಲಿ ಮೊದಲ ದನಿ ನೆನಪಿನಿಂದ ಮಾಸಿರುತ್ತದೆ.

ಅದಕ್ಕೇ ದನಿ ಹೋಲಿಸುವವರು ಪ್ರತಿ ಕಾರಿನ ಚಾಲಕನ ಸೀಟಿನಲ್ಲಿ ಒಂದು ಬೊಂಬೆತಲೆ ಇಡುತ್ತಾರೆ, ಅದರ ಎರಡೂ ಕಿವಿಯೊಳಗೆ ಮೈಕ್. ಬಲಗಡೆಯ ಸ್ಪೀಕರ್ ಹತ್ತಿರ, ಎಡಗಡೆಯದು ದೂರ, ಗಾಜಿಗೆ ಬಡಿದು ಮರಳುವ ಸದ್ದು ಬೇರೆ. ಎಲ್ಲವೂ ದಾಖಲು. ಆಮೇಲೆ ಹೆಡ್‌ಫೋನ್ ಹಾಕಿ, ಒಂದೇ ಕುರ್ಚಿಯಲ್ಲಿ ಕೂತು, ಯಾವ ಕಾರೆಂದು ತಿಳಿಯದೆಯೇ ಕ್ಷಣದಲ್ಲಿ ಹೋಲಿಸಬಹುದು. ಇದು ನಿಜಕ್ಕೂ ನ್ಯಾಯದ ಪರೀಕ್ಷೆ. ಸೀಟು ನಡುಗಿಸುವ ಬೇಸ್ ಮಾತ್ರ ಹೆಡ್‌ಫೋನಿಗೆ ದಕ್ಕದು.

ತೆಪ್ಪಕಾಡು ಬಂತು. ಮೋಯಾರ್ ದಡದಲ್ಲಿ ಆನೆ ಶಿಬಿರ. ನಮ್ಮ ಕಿವಿಗೆ ಸಿಗದಷ್ಟು ತಗ್ಗಿನ ದನಿಯಲ್ಲೂ ಆನೆಗಳು ಮಾತಾಡಿಕೊಳ್ಳುತ್ತವೆ. ದಯವಿಟ್ಟು ಇಲ್ಲಿ ಸ್ಟೀರಿಯೊ ನಿಲ್ಲಿಸಿ.