ಮೊದಲ ಕೂಲಿ ಯಾರ ಕೈಗೆ ಬಂತು?



ತಾವು ಮೊಟ್ಟಮೊದಲು ದುಡಿದಾಗ ಬಂದ ಕೂಲಿ ಎಷ್ಟೆಂದು ನೆನಪಿದೆಯೇ? ಕಾಗಿನೆಲೆಯಲ್ಲಿ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಈ ಮಾತು ಕೇಳಿ ನೋಡಿ. ಎಂಬತ್ತು ದಾಟಿದ ಯಜ್ಜ ರೂಪಾಯಿ ಲೆಕ್ಕ ಹೇಳುವುದಿಲ್ಲ; ಸೇರು, ಪಾಯಲಿ, ಸಿವುಡು ಎನ್ನುತ್ತಾನೆ, ಬಹಳವಾದರೆ ನಾಲ್ಕಾಣೆ, ಎಂಟಾಣೆ. ಎಪ್ಪತ್ತರ ಆಸುಪಾಸಿನವರು ಬರಗಾಲದ ಕಾಮಗಾರಿಯ ಮಾತು ತೆಗೆಯುತ್ತಾರೆ. ಐವತ್ತರ ಹೆಣ್ಣುಮಕ್ಕಳು ಹತ್ತಿಯ ಕ್ರಾಸಿಂಗ್ ಕೆಲಸ ಎನ್ನುತ್ತಾರೆ. ಇಪ್ಪತ್ತರ ಹುಡುಗ ಮೊಬೈಲ್ ತೆಗೆದು ಬ್ಯಾಂಕಿನ ಸಂದೇಶ ತೋರಿಸುತ್ತಾನೆ. ಬೆಳೆಯ ವಿಚಾರ ಮುಗಿದ ಮೇಲೆ ನಾನು ಊರೂರಿನಲ್ಲಿ ಇದನ್ನು ಕೇಳುವುದುಂಟು. ಎಷ್ಟು ಬಂತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಯಾರ ಕೈಗೆ ಬಂತು ಎಂದು ಕೇಳಿದರೆ ಕೆಲವರು ಸುಮ್ಮನಾಗುತ್ತಾರೆ.

ಮೊದಲಿಗೆ ಕಾಳಿನ ಕೂಲಿಯ ಮಾತು. ಜೋಳದ ಕೊಯ್ಲಿಗೆ ಹೋದವರು ಸಂಜೆ ಸಿವುಡು ಹೊತ್ತು ಮನೆಗೆ ಬರುತ್ತಿದ್ದರು. ಕಣದಲ್ಲಿ ರಾಶಿಯಾದ ಮೇಲೆ ಬಡಿಗ, ಕಮ್ಮಾರ ಮೊದಲಾದ ಆಯಗಾರರಿಗೆ ಆಯ. ವರ್ಷದ ಆಳಿನ ಮಾತುಕತೆ ಯುಗಾದಿಯಿಂದ ಯುಗಾದಿಗೆ: ಇಷ್ಟು ಕಾಳು, ಒಂದು ಕಂಬಳಿ, ಧೋತರ, ಕಾಲಿಗೆ ಕೆರ. ಇದರಲ್ಲಿ ಒಂದು ಗುಣವಿತ್ತು, ಅದನ್ನು ಹೇಳಲೇಬೇಕು. ಪೇಟೆಯಲ್ಲಿ ಧಾರಣೆ ಎಷ್ಟೇ ಏರಲಿ, ಆಳಿನ ಮನೆಯ ರೊಟ್ಟಿ ಸಣ್ಣದಾಗುತ್ತಿರಲಿಲ್ಲ. ಆದರೆ ಅಳೆಯುವ ಸೇರು ಕೊಡುವವನ ಕೈಯಲ್ಲಿ. ತುಂಬಿ ಅಳೆದರೆ ಒಂದು ಲೆಕ್ಕ, ಕೈಯಿಂದ ಒರೆಸಿ ಅಳೆದರೆ ಇನ್ನೊಂದು. ಕೂಲಿಗೆ ಸಿಗುತ್ತಿದ್ದುದು ಮೇಲಾದ ಕಾಳೂ ಅಲ್ಲ. ಕಾಳಿನಲ್ಲಿಯೂ ಮೇಲುಕೀಳು ಎಣಿಸುವುದು ಹಳೆಯ ರೋಗವೇ. ನಮ್ಮ ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದ ಎದುರಿಗೆ ರಾಗಿಯನ್ನು ಗೆಲ್ಲಿಸಿದ್ದು ಸುಮ್ಮನೆ ಅಲ್ಲ.

ಅಪ್ಪನ ಸಾಲಕ್ಕಾಗಿ ಜೀತಕ್ಕೆ ನಿಂತ ಹುಡುಗನ ಪಾಡು ಬೇರೆ. ಅವನ ಮೊದಲ ಕೂಲಿ ಅವನು ದುಡಿಯುವ ಮೊದಲೇ ಮುಗಿದಿರುತ್ತಿತ್ತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಅದೇ ಕಾಯಿದೆಯಾಗಿ, ಜೀತವೂ ಜೀತದ ಸಾಲವೂ ರದ್ದಾದವು. ಆಮೇಲೆ ಅಂಥವನು ಬೇರೆಯವರ ಹೊಲಕ್ಕೆ ದಿನಗೂಲಿಗೆ ಹೋಗಿ ಪಡೆದ ಹಣವನ್ನೇ ಮೊದಲ ಕೂಲಿ ಎಂದು ಎಣಿಸಿದರೆ ತಪ್ಪೇನು?

1972ರ ಬರದಲ್ಲಿ ಉತ್ತರ ಕರ್ನಾಟಕದ ಎಷ್ಟೋ ಒಕ್ಕಲು ಮನೆಗಳವರು ಒಡ್ಡು, ರಸ್ತೆ, ಕೆರೆಯ ಕೆಲಸಕ್ಕೆ ಬುಟ್ಟಿ ಹಿಡಿದರು. ಸ್ವಂತ ಹೊಲವಿದ್ದವರೂ ಮೊದಲ ಬಾರಿಗೆ ಹಾಜರಿ ಪಟ್ಟಿಯಲ್ಲಿ ಹೆಸರು ಬರೆಸಿದ ಕಾಲ ಅದು. 1977ರಲ್ಲಿ ಕೂಲಿಗಾಗಿ ಕಾಳು ಯೋಜನೆ ಬಂದಾಗ ಗೋದಿಯೂ ಕೂಲಿಯಾಯಿತು. ಜೋಳದ ರೊಟ್ಟಿಯ ನಾಡಿನಲ್ಲಿ ಅದನ್ನೇನು ಮಾಡುವುದೆಂದು ತಾಯಂದಿರು ನಕ್ಕಿರಬೇಕು.

ಇನ್ನು ಹತ್ತಿ. ಧಾರವಾಡದ ಸಂಶೋಧನೆಯಿಂದ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿ.ಸಿ.ಎಚ್. 32, ಅಂದರೆ ಜಯಲಕ್ಷ್ಮಿ, ಹೊರಬಂದವು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ, ಒಂದೊಂದು ಹೂವಿಗೂ ಕೈ ಹಚ್ಚಿ ತಯಾರಿಸಬೇಕು. ರಾಣೇಬೆನ್ನೂರು, ಹಾವೇರಿ ಸೀಮೆಯಲ್ಲಿ ಬೀಜೋತ್ಪಾದನೆ ಬೆಳೆದದ್ದು ಈ ಕೈಗಳಿಂದಲೇ. ಕೆಲಸ ತಮಗೆ ಗೊತ್ತಿದೆ: ಮಧ್ಯಾಹ್ನದ ಮೇಲೆ, ಮರುದಿನ ಅರಳುವ ಮೊಗ್ಗನ್ನು ಆರಿಸಬೇಕು, ಹೆಬ್ಬೆರಳಿನ ಉಗುರಿನಿಂದ ದಳವನ್ನೂ ಗಂಡು ಕೇಸರವನ್ನೂ ಬಿಡಿಸಬೇಕು, ಒಳಗಿನ ಹೆಣ್ಣು ಭಾಗಕ್ಕೆ ಪೆಟ್ಟಾಗಬಾರದು, ಗುರುತಿಗೆ ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಪರಾಗ ಸವರಿ ದಾರ ಕಟ್ಟಬೇಕು. ಹೀಗೆ ದಿನಕ್ಕೆ ಎರಡು ಹೊತ್ತು, ವಾರಗಟ್ಟಲೆ, ಒಂದು ದಿನವೂ ಬಿಡುವಿಲ್ಲ.

ಈ ಕೆಲಸಕ್ಕೆ ಹುಡುಗಿಯರ ಸಣ್ಣ ಬೆರಳೇ ಬೇಕು ಎಂಬ ಮಾತು ಹುಟ್ಟಿತು. ನಾನು ಒಪ್ಪುವುದಿಲ್ಲ. ಕಲಿತ ದೊಡ್ಡವರ ಕೈ ಇದನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ. ಹುಡುಗಿಯರಿಗೆ ಕೂಲಿ ಕಡಿಮೆ, ಅವರು ಎದುರು ಮಾತನಾಡುವುದಿಲ್ಲ, ಕಾರಣ ಇಷ್ಟೇ. ಹಂಗಾಮಿಗೆ ಮೊದಲೇ ಅಪ್ಪನಿಗೆ ಮುಂಗಡ ಕೊಟ್ಟು ಮಗಳನ್ನು ಗೊತ್ತುಮಾಡಿಕೊಳ್ಳುವ ರೂಢಿಯೂ ಬಂತು. ಮಗಳು ಶಾಲೆ ಬಿಟ್ಟು ಹೊಲಕ್ಕೆ ಹೋದಳು. ಹಂಗಾಮು ಮುಗಿದಾಗ ಅವಳ ಪಾಲಿಗೆ ಒಂದು ಜೊತೆ ಬಳೆ, ರಿಬ್ಬನ್ನು. ಅವಳ ಕೂಲಿ ಎಷ್ಟೆಂದು ಅವಳಿಗೇ ಗೊತ್ತಿಲ್ಲ. ಕಾನೂನು 2016ರಲ್ಲಿ ಬಿಗಿಯಾಯಿತು; 14 ವರ್ಷದೊಳಗಿನವರನ್ನು ಯಾವ ಕೂಲಿ ಕೆಲಸಕ್ಕೂ ಹಚ್ಚುವಂತಿಲ್ಲ.

ಬೀಜ ಬೆಳೆಯುವ ರೈತರ ಕಷ್ಟವೂ ಸುಳ್ಳಲ್ಲ. ಮೊಳಕೆಯ ಪರೀಕ್ಷೆ, ತಳಿಶುದ್ಧತೆಯ ಪರೀಕ್ಷೆ ಎರಡೂ ಮುಗಿದ ಮೇಲೆ ಲೆಕ್ಕ ಚುಕ್ತಾ ಆಗುತ್ತದೆ. ಅಷ್ಟರವರೆಗೆ ಕೂಲಿಯವರಿಗೆ ಎಲ್ಲಿಂದ ಕೊಡುವುದು? ಬಿತ್ತುವ ಮೊದಲೇ ಕರಾರಿನಲ್ಲಿ ಕ್ರಾಸಿಂಗ್ ಕೂಲಿಯ ಹಣವನ್ನು ಬೇರೆಯಾಗಿ, ಕಂತಿನಲ್ಲಿ ಕೇಳಿ ಬರೆಸಿಕೊಳ್ಳುವುದೊಂದೇ ದಾರಿ.

2008ರ ಏಪ್ರಿಲಿನಿಂದ ಉದ್ಯೋಗ ಖಾತ್ರಿ ನಮ್ಮ ಜಿಲ್ಲೆಗೂ ಬಂದಾಗ ಹೆಣ್ಣಿಗೂ ಗಂಡಿಗೂ ಒಂದೇ ದರ ಆಯಿತು, ಹಣ ಖಾತೆಗೆ ಬಿತ್ತು. ಎಷ್ಟೋ ತಾಯಂದಿರ ಮೊದಲ ಪಾಸ್‌ಬುಕ್ ಅದು. ಪಾಸ್‌ಬುಕ್ಕನ್ನು ಯಾರು ಇಟ್ಟುಕೊಂಡರು ಎಂಬುದು ಮನೆ ಮನೆಯ ಕಥೆ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಪಗಾರಕ್ಕೆ ಒಂದು ಚೀಟಿ ಇತ್ತು. ಮೂಲವೇತನ, ತುಟ್ಟಿಭತ್ಯೆ, ಕಡಿತ ಎಲ್ಲ ಅದರಲ್ಲಿ ಬರೆದಿತ್ತು. ಹೊಲದ ಕೂಲಿಗೆ ಅಂಥ ಚೀಟಿ ಇಲ್ಲ. ಇರಬಾರದು ಎಂದೇನೂ ಇಲ್ಲವಲ್ಲ! ಒಂದು ನೋಟುಬುಕ್ಕು ಸಾಕು: ತಾರೀಖು, ಹೆಸರು, ಮಾಡಿದ ಕೆಲಸ, ಕೊಟ್ಟ ಹಣ, ಪಡೆದವರ ಸಹಿ ಅಥವಾ ಹೆಬ್ಬೆಟ್ಟು. ಮುಂಗಡ ಕೊಟ್ಟಿದ್ದರೆ ಅದೂ ಅಲ್ಲಿಯೇ ಇರಲಿ. ದುಡಿದವರ ಕೈಗೇ ಕೊಡಿ. ಮೇಸ್ತ್ರಿಯ ಕೈಗಲ್ಲ, ಗಂಡನ ಕೈಗೂ ಅಲ್ಲ. ಮುಂದೆ ತಕರಾರು ಬಂದರೆ ಈ ಪುಸ್ತಕ ಮಾಲೀಕರನ್ನೂ ಕಾಯುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸಕ್ಕೆ ಕಿಲೋ ಲೆಕ್ಕದ ಕೂಲಿ. ಕಾಯಿಯನ್ನು ಬಿಡಿಸುವವರ ಎದುರಿಗೇ ತೂಗಿ, ಮುಳ್ಳು ನಿಂತ ಮೇಲೆ ಓದಿ ಹೇಳಿ, ಆಗಲೇ ಬರೆಯಿರಿ. ಘಾಟಿಗೆ ಮೂಗು ಬಾಯಿ ಕಟ್ಟಿಕೊಳ್ಳಲು ಬಟ್ಟೆ, ಕೈ ತೊಳೆಯಲು ನೀರು ಕೊಡುವುದು ದೊಡ್ಡ ಖರ್ಚೇನಲ್ಲ.

ಕೃಷಿ ಕೂಲಿಗೂ ಸರ್ಕಾರ ಕನಿಷ್ಠ ದರ ಗೊತ್ತುಮಾಡುತ್ತದೆ. ತುಟ್ಟಿಭತ್ಯೆಯಿಂದಾಗಿ ಅದು ಬದಲಾಗುತ್ತಿರುತ್ತದೆ. ಚಾಲ್ತಿಯ ದರಪಟ್ಟಿಯನ್ನು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ ಪಡೆಯಿರಿ. ಅದರ ಒಂದು ಪ್ರತಿಯನ್ನು ತಮ್ಮ ಊರಿನ ವಾಚನಾಲಯದ ಗೋಡೆಗೆ, ಹೆಣ್ಣುಮಕ್ಕಳ ಕಣ್ಣಿಗೂ ಬೀಳುವ ಕಡೆ, ಅಂಟಿಸಿ.