ತಮಟೆ ಕಾಸಿದ್ರಿ, ಮೈ ಕಾಸಿದ್ರಾ? ಹೊಸದಾಗಿ ಕುಣಿತ ಕಲಿಯೋರಿಗೆ

ಇವತ್ತಿನ ಮಾತು ಕುಣಿತದ್ದು. ವೇದಿಕೆ ಮೇಲೆ ಪಳಗಿದವರ ಕುಣಿತ ಅಲ್ಲ. ಚಿಂತಾಮಣಿಯಲ್ಲೋ ಗೌರಿಬಿದನೂರಲ್ಲೋ ಸಂಜೆ ಮಹಡಿ ಹತ್ತಿ, ಫೋನನ್ನ ನೀರಿನ ಟ್ಯಾಂಕಿಗೆ ಒರಗಿಸಿಟ್ಟು, ವಿಡಿಯೊ ನೋಡ್ಕೊಂಡು ಮೊದಲ ಸಲ ಹೆಜ್ಜೆ ಹಾಕ್ತಿರೋರ ಕುಣಿತ. ಹಾಡು ಕನ್ನಡದ್ದೂ ಇರಬಹುದು, ನಮ್ಮ ಕಡೆ ಅಂದ್ಮೇಲೆ ತೆಲುಗಿನದ್ದೂ ಇರಬಹುದು. ಕಾಲು ಮಾತ್ರ ನಿಮ್ಮದೇ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಸೆಕೆಂಡ್ ಪಿಯುಸಿಯಲ್ಲಿದ್ದಾಗ ರಾಜ್ಯೋತ್ಸವಕ್ಕೆ ತಮಟೆ ಕುಣಿತ ಅಂತ ಆಯ್ತು. ಇದ್ದದ್ದು ನಾಲ್ಕೇ ದಿನ. ಸಿಮೆಂಟ್ ಕಟ್ಟೆ ಮೇಲೆ ಪ್ರಾಕ್ಟೀಸು. ಮೂರನೇ ದಿನ ಹಾರಿ ಇಳಿಯುವಾಗ ಪಾದ ಒಳಕ್ಕೆ ಮಡಚ್ಕೊಂಡ್ತು. ಉಳುಕು ಅಂತ ಮನೇಲಿ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ರು. ರಾತ್ರಿಗೆ ಕಾಲು ಕುಂಬಳಕಾಯಿ ಆಯ್ತು. ವಾರ ಬಿಟ್ಟು ಎಕ್ಸ್‌ರೇ ತೆಗೆಸಿದ್ರೆ ಮೂಳೇಲಿ ಸಣ್ಣ ಬಿರುಕು. ರಾಜ್ಯೋತ್ಸವದ ದಿನ ನಾನು ಕುರ್ಚಿ ಮೇಲೆ ಕೂತು ಚಪ್ಪಾಳೆ ಹೊಡೆದೆ.

ನಾನು ತಪ್ಪಿದ್ದೆಲ್ಲಿ ಅಂತ ಗೊತ್ತಾಗಬೇಕಾದ್ರೆ ತಮಟೆ ಬಾರಿಸೋರನ್ನೇ ನೋಡಬೇಕು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆಯೇ ಇದು. ಚರ್ಮದ ತಮಟೆಯನ್ನ ಸುಮ್ನೆ ಎತ್ಕೊಂಡು ಬಾರಿಸಲ್ಲ. ಬೆಂಕಿ ಹಾಕಿ, ಕಾಸಿ, ಚರ್ಮ ಬಿಗಿಯಾದ ಮೇಲೇ ಬಾರಿಸೋದು. ಕಾಸದ ತಮಟೆ ಬಡ್ಡಾಗಿ ಕೇಳುತ್ತೆ. ಆಮೇಲೂ ಶುರು ನಿಧಾನ. ಗತ್ತು ಕೂತ ಮೇಲೇ ಕಾಲು ಜೋರಾಗೋದು. ನಾವು ತಮಟೆ ಕಾಸಿದ್ವಿ, ಮೈ ಕಾಸಲಿಲ್ಲ. ಇಡೀ ದಿನ ಬೆಂಚಿನ ಮೇಲೆ ಕೂತಿದ್ದ ಕಾಲನ್ನ ನೇರವಾಗಿ ಹಾರೋಕೆ ಹಚ್ಚಿದ್ವಿ.

ಬೆಂಗಳೂರಿಗೆ ರೈಲಲ್ಲಿ ಹೋಗಿ ಬರೋರು, ಶಿಡ್ಲಘಟ್ಟದ ರೀಲಿಂಗ್ ಯೂನಿಟ್‌ನಲ್ಲಿ ಬೆಳಗಿಂದ ನಿಂತೇ ಕೆಲಸ ಮಾಡೋರು, ಇವರ ಕಾಲೂ ಸಂಜೆಗೆ ಹಾಗೇ ಇರುತ್ತೆ. ಅದಕ್ಕೇ ಮೊದಲು ಒಂದು ಎಂಟ್ಹತ್ತು ನಿಮಿಷ ಮೈ ಬೆಚ್ಚಗೆ ಮಾಡ್ಕೊಳ್ಳಿ. ನಿಂತಲ್ಲೇ ನಡೀರಿ, ಕಣಕಾಲು ತಿರುಗಿಸಿ, ಕಾಲನ್ನ ಹಿಂದಕ್ಕೂ ಮುಂದಕ್ಕೂ ಬೀಸಿ, ಸ್ವಲ್ಪ ಬಾಗಿ ಏಳಿ. ಬಗ್ಗಿ ಕಾಲ್ಬೆರಳು ಹಿಡ್ಕೊಂಡು ಹಾಗೇ ಎಳೆದು ನಿಲ್ಲೋದು ಇದೆಯಲ್ಲ, ಅದು ಕುಣಿದು ಮುಗಿದ ಮೇಲಿರಲಿ. ತಣ್ಣಗಿರೋ ಸ್ನಾಯುವನ್ನ ಹಾಗೆ ಎಳೀಬಾರದು.

ಈಗ ಮೊಣಕಾಲು. ಹೊಸಬರು ಕೆಡಿಸಿಕೊಳ್ಳೋದು ಹೆಚ್ಚಾಗಿ ಇಲ್ಲೇ, ಅದಕ್ಕೆ ಸ್ವಲ್ಪ ನಿಲ್ತೀನಿ. ಮೊಣಕಾಲು ಬಾಗಿಲ ಕೀಲಿನ ಥರ. ಮಡಚೋದು, ಬಿಚ್ಚೋದು, ಅಷ್ಟೇ ಅದರ ಮುಖ್ಯ ಕೆಲಸ. ಸೊಂಟದ ಕೀಲು ಹಾಗಲ್ಲ. ಅದು ಒರಳಲ್ಲಿ ಗುಂಡು ಕೂತ ಹಾಗೆ, ಎಲ್ಲಾ ಕಡೆ ತಿರುಗುತ್ತೆ. ಭರತನಾಟ್ಯದ ಅರೆಮಂಡಿಯಲ್ಲಿ ಪಾದ ಎರಡೂ ಪಕ್ಕಕ್ಕೆ ತೆರೆದಿರುತ್ತಲ್ಲ, ಆ ತೆರೆಯುವಿಕೆ ಬರಬೇಕಾದ್ದು ಸೊಂಟದಿಂದ. ಸೊಂಟ ಇನ್ನೂ ಬಿಟ್ಟುಕೊಡದೆ ಇದ್ರೂ, ಫೋಟೋದಲ್ಲಿ ಇರೋ ಹಾಗೇ ಕಾಣಬೇಕು ಅಂತ ಪಾದವನ್ನ ಮಾತ್ರ ತಿರುಗಿಸಿಟ್ರೆ, ನಡುವೆ ಸಿಕ್ಕಿ ತಿರುಚೋದು ಮೊಣಕಾಲು. ಬಾಗಿಲನ್ನ ಹಿಡಿದು ಪಕ್ಕಕ್ಕೆ ತಿರುಚಿದ್ರೆ ಕೀಲು ಏನಾಗುತ್ತೆ, ಯೋಚ್ನೆ ಮಾಡಿ.

ಪರೀಕ್ಷೆ ಸುಲಭ. ಫೋನನ್ನ ಎದುರಿಗಿಟ್ಟು ರೆಕಾರ್ಡ್ ಹಾಕಿ. ನಿಧಾನಕ್ಕೆ ಮಂಡಿ ಬಗ್ಗಿಸಿ. ಮೊಣಕಾಲ ಚಿಪ್ಪು ನಿಮ್ಮ ಪಾದದ ಎರಡನೇ ಬೆರಳಿನ ಕಡೆಗೇ ನೋಡ್ತಿದೆಯಾ? ಸರಿ. ಒಳಕ್ಕೆ, ಹೆಬ್ಬೆರಳಿನ ಆಚೆಗೆ ಬೀಳ್ತಿದೆಯಾ? ಹಾಗಾದ್ರೆ ಪಾದ ತೆರೆದಿರೋದು ಜಾಸ್ತಿ ಆಯ್ತು, ಕಡಿಮೆ ಮಾಡಿ. ಆಮೇಲೆ ಫೋನನ್ನ ಪಕ್ಕಕ್ಕಿಟ್ಟು ಇನ್ನೊಂದು ಸಲ ನೋಡಿ. ಬೆನ್ನು ಮುಂದಕ್ಕೆ ಬಾಗಿ, ಹಿಂಭಾಗ ಹಿಂದಕ್ಕೆ ಚಾಚಿದ್ರೆ, ಅಷ್ಟು ಕೆಳಗೆ ಕೂರೋ ಶಕ್ತಿ ತೊಡೆಗೆ ಇನ್ನೂ ಬಂದಿಲ್ಲ ಅಂತ. ಎರಡಿಂಚು ಮೇಲೇ ನಿಲ್ಲಿ, ಪರವಾಗಿಲ್ಲ. ತಮಟೆ ಹೆಜ್ಜೆಗೂ ಸಿನಿಮಾ ಸ್ಟೆಪ್ಪಿಗೂ ಇದೇ ಲೆಕ್ಕ.

ಇನ್ನು ಹಾರೋದು. ಹಾರಿದಾಗಲ್ಲ, ಇಳಿದಾಗ ಪೆಟ್ಟು. ಪಾದದ ಮುಂಭಾಗ ಮೊದಲು ನೆಲ ಮುಟ್ಟಬೇಕು, ಆಮೇಲೆ ಹಿಮ್ಮಡಿ, ಜೊತೆಗೇ ಮೊಣಕಾಲು ಬಗ್ಗಬೇಕು. ಕಾಲು ನೆಟ್ಟಗೆ ಇಟ್ಟುಕೊಂಡು ಇಳಿದ್ರೆ ಪೆಟ್ಟೆಲ್ಲ ನೇರ ಮೇಲಕ್ಕೇ ಹೋಗುತ್ತೆ. ಕಿವಿಯಿಂದಲೇ ಗೊತ್ತಾಗುತ್ತೆ ಇದು. ಇಳಿದಾಗ ಢಬ್ ಅಂತ ಸದ್ದು ಬಂದ್ರೆ ತಪ್ಪು, ಬೆಕ್ಕು ಇಳಿದ ಹಾಗಿರಬೇಕು.

ನೆಲವೂ ಲೆಕ್ಕಕ್ಕೆ ಬರುತ್ತೆ. ಹಿಂದೆ ಕುಣೀತಿದ್ದದ್ದು ಮಣ್ಣಿನ ಅಂಗಳದಲ್ಲಿ, ಜಾತ್ರೆ ಬಯಲಲ್ಲಿ. ಈಗ ಚಿಕ್ಕಬಳ್ಳಾಪುರದ ಯಾವ ಬೀದಿಗೆ ಹೋದ್ರೂ ಮಹಡಿ ಕಾಂಕ್ರೀಟು, ಮನೆ ಒಳಗೆ ಟೈಲ್ಸು, ಗಣೇಶನ ಮೆರವಣಿಗೆ ಹೋಗೋ ರಸ್ತೇನೂ ಕಾಂಕ್ರೀಟು. ತಟ್ಟಡವಿನ ಥರ ಪಾದ ತಟ್ಟೋ ಹೆಜ್ಜೆಯನ್ನ ದಿನಾ ಒಂದು ಗಂಟೆ ಅದರ ಮೇಲೆ ಹಾಕಿದ್ರೆ ಕೆಲವೇ ವಾರದಲ್ಲಿ ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ನೋಯೋಕೆ ಶುರು ಆಗಬಹುದು. ಹೆಜ್ಜೆಯ ಲೆಕ್ಕವನ್ನ ಮಹಡಿ ಮೇಲೆ ಮೆಲ್ಲಗೆ ಕಲೀರಿ, ಜೋರಾಗಿ ತಟ್ಟೋದು, ಹಾರೋದು ಮಣ್ಣಿನ ಮೈದಾನಕ್ಕಿರಲಿ. ಟೈಲ್ಸ್ ಮೇಲೆ ಸಾಕ್ಸ್ ಹಾಕ್ಕೊಂಡು ಬೇಡ. ಜಮಖಾನ ಹಾಸೋದೂ ಬೇಡ, ಅದು ಕಾಲ ಜೊತೆಗೇ ಜಾರುತ್ತೆ.

ವಿಡಿಯೊ ನೋಡಿ ಕಲಿಯೋರಿಗೆ ಒಂದು ಮಾತು. ಯೂಟ್ಯೂಬ್‌ನಲ್ಲಿ ವೇಗವನ್ನ 0.5ಕ್ಕೆ ಇಳಿಸೋಕೆ ಆಗುತ್ತೆ. ಇಳಿಸಿ. ಭರತನಾಟ್ಯದಲ್ಲಿ ಒಂದೇ ಅಡವನ್ನ ಮೂರು ಕಾಲದಲ್ಲಿ ಕಲಿಸ್ತಾರಲ್ಲ, ಮೊದಲು ವಿಳಂಬ, ಆಮೇಲೆ ಮಧ್ಯ, ಕೊನೆಗೆ ದ್ರುತ, ಅದೇ ದಾರಿ. ನಿಧಾನದಲ್ಲಿ ತೂಕ ಯಾವ ಕಾಲ ಮೇಲಿದೆ ಅಂತ ಗೊತ್ತಾಗದ ಹೆಜ್ಜೆ, ಜೋರಲ್ಲಿ ಬೀಳಿಸುತ್ತೆ. ತಮಟೆ ಕುಣಿತ ಕಲಿಯೋರು ಮೊದಲು ತಮಟೆ ಇಲ್ಲದೇ ಹೆಜ್ಜೆ ಕಲೀರಿ. ಅದು ಒಂದೇ ಹೆಗಲಿಗೆ ತೂಗುತ್ತೆ, ಮೈ ಒಂದು ಕಡೆಗೆ ವಾಲುತ್ತೆ. ನಾವು ಮೊದಲ ದಿನವೇ ನೇತು ಹಾಕ್ಕೊಂಡಿದ್ವಿ! ಮೊದಮೊದಲು ವಾರಕ್ಕೆ ಮೂರ್ನಾಲ್ಕು ದಿನ, ಅರ್ಧ ಗಂಟೆ ಸಾಕು.

ನೋವಿನಲ್ಲೂ ಎರಡು ಥರ. ಮಾರನೇ ದಿನ ತೊಡೆ, ಮೀನಖಂಡ ಎಲ್ಲಾ ಬಿಗಿದ ಹಾಗೆ ನೋಯುತ್ತಲ್ಲ, ಅದು ಎರಡು ಮೂರು ದಿನದಲ್ಲಿ ಹೋಗುತ್ತೆ. ಕೀಲಿನಲ್ಲೇ ಚುಚ್ಚಿದ ಹಾಗೆ, ಒಂದೇ ಜಾಗದಲ್ಲಿ, ಒಂದೇ ಕಾಲಲ್ಲಿ ನೋವು ಅಂದ್ರೆ ಅಲ್ಲಿಗೇ ನಿಲ್ಲಿಸಿ. ಹತ್ತರಿಂದ ಹದಿನೈದು ವರ್ಷದ ತಮ್ಮ ತಂಗಿಯರು ಇದ್ರೆ, ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನ ಥರ ಊದಿದೆಯಾ ಅಂತ ನೋಡಿ. ಬೆಳೆಯೋ ವಯಸ್ಸಲ್ಲಿ ಹಾರಿ ಹಾರಿ ಹಾಗಾಗುತ್ತೆ. ಸುಮ್ನೆ ನೆಪ ಹೇಳ್ತಿದ್ದಾರೆ ಅಂತ ಬೈಬೇಡಿ, ಡಾಕ್ಟರ್‌ಗೆ ತೋರಿಸಿ.

ಕಾಲು ಹೊರಳಿದ್ರೆ? ಬಿಸಿ ಎಣ್ಣೆ ಬೇಡ, ತಿಕ್ಕೋದು ಬೇಡ. ಕೂತ್ಕೊಂಡು ಕಾಲನ್ನ ದಿಂಬಿನ ಮೇಲೆ ಎತ್ತರಕ್ಕಿಡಿ. ಐಸನ್ನ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಇದ್ರೆ ಹಗುರಕ್ಕೆ ಸುತ್ತಿ. ನಾಲ್ಕು ಹೆಜ್ಜೆ ಊರಿ ನಡೆಯೋಕೆ ಆಗ್ತಿಲ್ಲ, ಅಥವಾ ಕಣಕಾಲ ಗಿಣ್ಣಿನ ಮೂಳೆ ಒತ್ತಿದ್ರೆ ಜೀವ ಹೋಗೋ ಹಾಗಾಗುತ್ತೆ ಅಂದ್ರೆ ಎಕ್ಸ್‌ರೇ ಬೇಕೇ ಬೇಕು. ನಮ್ಮ ಕಡೆ ಮೂಳೆ ಅಂದ ಕೂಡ್ಲೇ ಪುತ್ತೂರು ಕಟ್ಟು ಅನ್ನೋರು ಜಾಸ್ತಿ. ಎಕ್ಸ್‌ರೇ ಆಗೋವರೆಗೂ ಯಾವ ಕಟ್ಟೂ ಬೇಡ. ಒಳಗೆ ಮೂಳೆ ಹೇಗಿದೆ ಅಂತ ನೋಡದೇ ಬಿಗಿದ್ರೆ ಅದು ಓರೆಯಾಗಿ ಕೂಡಿಕೊಳ್ಳಬಹುದು.

ವಾಪಸ್ ಕುಣಿಯೋದು ಯಾವಾಗ ಅಂತ ಕೇಳ್ತೀರಿ. ಡಾಕ್ಟರ್ ಸರಿ ಅಂದ ಮೇಲೆ, ಪೆಟ್ಟಾದ ಕಾಲೊಂದರ ಮೇಲೇ ಅರ್ಧ ನಿಮಿಷ ಅಲ್ಲಾಡದೆ ನಿಂತು ನೋಡಿ. ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ಕುಂಟಿ ನೋಡಿ, ಇನ್ನೊಂದು ಕಾಲಷ್ಟೇ ಸಲೀಸಾಗಿ. ನನಗೆ ಅದು ಬಂದದ್ದು ಸಂಕ್ರಾಂತಿ ಹೊತ್ತಿಗೆ.